ಟವೆಲ್ ಹಾಕುವುದೋ, ಜೋಡಿ ಒಡೆಯುವುದೋ

ಮನುಷ್ಯ ಬಾಯಿ ಬಿಡುವ ಮೊದಲೇ ಅವನು ಏನು ಹೇಳುತ್ತಾನೆಂದು ತಿಳಿದುಕೊಳ್ಳುವ ಯಂತ್ರ ಬಂದರೆ ಎಷ್ಟು ಚೆನ್ನ ಎಂದು ನಮ್ಮ ಶಾಲೆಯ ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಪ್ರಬಂಧ ಬರೆದಿದ್ದಳು. ನಾನು ಮೆಚ್ಚಿ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟೆ. ಈಗ ಆ ಹುಡುಗಿ ಎಲ್ಲಾದರೂ ಸಿಕ್ಕರೆ ಕೂರಿಸಿಕೊಂಡು ಎರಡು ಮಾತು ಹೇಳುವುದಿದೆ. ಅಂಥ ಯಂತ್ರ ಬಂತು, ನಮ್ಮ ಮನೆಗೇ ಬಂತು.

ನಾನು ಕಸ್ತೂರಿ, ವಿಜಯಪುರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನ ನಾಲಿಗೆ ಉದ್ದ ಎಂದು ಸಿಬ್ಬಂದಿಯೆಲ್ಲ ಆಡಿಕೊಳ್ಳುತ್ತದೆ, ಆಡಿಕೊಳ್ಳಲಿ. ನಮ್ಮವರು ಗುರುಲಿಂಗಪ್ಪ ಹಂಜಗಿ, ಬಸ್ ಡಿಪೊದಲ್ಲಿ ಟೈಮ್ ಕೀಪರ್. ಒಂದು ಮುಂಜಾನೆ ಡ್ಯೂಟಿಯ ಮೇಲಿದ್ದಾಗಲೇ ಕುರ್ಚಿಯಿಂದ ಜಾರಿ ಬಿದ್ದರು. ಮಿದುಳಿನ ಬುಡದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಜೀವ ಉಳಿಯಿತು. ಕೈಕಾಲು ಹೋಯಿತು, ಮಾತು ಹೋಯಿತು, ಕಣ್ಣೆವೆ ಕೂಡ ಅವರು ಹೇಳಿದಂತೆ ಕೇಳದಾಯಿತು. ಕಣ್ಣು ಕಾಣುತ್ತದೆ, ಕಿವಿ ಕೇಳುತ್ತದೆ, ಒಳಗೆ ಮನುಷ್ಯ ಎಚ್ಚರವಾಗಿದ್ದಾನೆ ಎಂದು ಡಾಕ್ಟರರು ಹೇಳಿದರು. ಆ ಮಾತು ಕೇಳಿ ನನಗೆ ಸಮಾಧಾನವಾಗಬೇಕೋ ಎದೆ ಒಡೆದುಕೊಳ್ಳಬೇಕೋ ತಿಳಿಯಲಿಲ್ಲ.

ಊರಾಚೆಯ ಸಂಶೋಧನಾ ಆಸ್ಪತ್ರೆಯಲ್ಲಿ ಫರ್ಹಾನಾ ಇನಾಮದಾರ ಎಂಬ ಎಂಜಿನಿಯರ್ ಇದ್ದಳು. ಇಲ್ಲಿಯ ಹುಡುಗಿಯೇ, ಮೂವತ್ತು ದಾಟಿರಲಿಲ್ಲ. ತಲೆಬುರುಡೆಯ ಕೆಳಗೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಒಂದು ಹಾಳೆ ಇಟ್ಟು, ಮನಸ್ಸು ಎತ್ತ ವಾಲುತ್ತದೆಂದು ಓದುವ ಯಂತ್ರ ಅವಳದು. ಪೂರಾ ಮಾತು ಓದುವಷ್ಟು ಸಂಕೇತ ನಮ್ಮವರ ಮಿದುಳಿನಿಂದ ಬರುತ್ತಿರಲಿಲ್ಲ. ಎರಡರಲ್ಲಿ ಒಂದನ್ನು ಆರಿಸುವಷ್ಟು ಮಾತ್ರ ಬರುತ್ತಿತ್ತು, ಅದೂ ಗಾಳಿಯಲ್ಲಿ ಹಚ್ಚಿಟ್ಟ ದೀಪದ ಹಾಗೆ.

"ಹೌದು, ಅಲ್ಲ ಅಂತ ಕೇಳಿದ್ರ ಜಲ್ದಿ ದಣೀತಾರ್ರಿ ಟೀಚರ್," ಎಂದಳು ಫರ್ಹಾನಾ. "ಮನಸ್ಸು ತಾನ ಎದ್ದು ಕೂಡುವಂಥಾದ್ದು ಏನರ ಬೇಕು. ಅವರಿಗೆ ಯಾವುದರ ಹುಚ್ಚು ಇತ್ರಿ?"

"ಹುಚ್ಚಾ? ಒಂದ ಹುಚ್ಚು. ಆ ಹಾಳ ಬ್ಯಾಕ್‌ಗ್ಯಾಮನ್," ಎಂದೆ.

ಬ್ಯಾಕ್‌ಗ್ಯಾಮನ್ ಎಂದರೆ ನಮ್ಮ ಪಗಡೆಯ ದೂರದ ನೆಂಟ. ಕುವೈತಿನಲ್ಲಿ ಲಾರಿ ಓಡಿಸಿ ಬಂದ ಬಂದೇನವಾಜ್ ಡ್ರೈವರ್ ಅದರ ಮರದ ಪೆಟ್ಟಿಗೆಯನ್ನು ಡಿಪೊಗೆ ತಂದ. ಅವತ್ತಿನಿಂದ ಬಸ್ಸು ಹೊತ್ತಿಗೆ ಸರಿಯಾಗಿ ಬಿಟ್ಟರೆ ಪುಣ್ಯ ಎನ್ನುವಂತಾಯಿತು. ಒಬ್ಬೊಬ್ಬರಿಗೆ ಹದಿನೈದು ಕಾಯಿ, ಎರಡು ದಾಳ. ನಿಮ್ಮ ಎರಡು ಕಾಯಿಗಳು ಜೋಡಿಯಾಗಿ ಎದುರಾಳಿಯ ಮನೆಯೊಳಗೇ ಸಿಕ್ಕಿಕೊಂಡಿರುತ್ತವೆ, ಅವುಗಳನ್ನು ಸುತ್ತು ಹಾಕಿಸಿ ಮನೆಗೆ ತರಬೇಕು. ಜೋಡಿ ಕಾಯಿಯನ್ನು ಯಾರೂ ಮುಟ್ಟುವಂತಿಲ್ಲ. ಒಂಟಿ ಕಾಯಿ ಸಿಕ್ಕರೆ ಹೊಡೆದು ಹೊರಗೆ ಹಾಕುತ್ತಾರೆ, ಅದು ಮೊದಲಿನಿಂದ ಹೊರಡಬೇಕು.

ಎದುರಾಳಿ ಮೊದಲ ನಡೆ ಆಡಿದ ಮೇಲೆ ನಿಮ್ಮ ಉತ್ತರ. ದಾಳದಲ್ಲಿ ಒಂದು ಬಿದ್ದರೆ ಅಲ್ಲೇ ಪೇಚಾಟ. ಸಿಕ್ಕಿಕೊಂಡ ಜೋಡಿಯನ್ನು ಒಡೆದು ಒಬ್ಬನನ್ನು ಒಂದು ಹೆಜ್ಜೆ ಮುಂದೆ ಕಳಿಸಬಹುದು. ಇಲ್ಲವೇ ನಿಮ್ಮ ಮನೆಯ ಐದನೆಯ ಜಾಗದಲ್ಲಿ, ಎಲ್ಲಕ್ಕಿಂತ ಒಳ್ಳೆಯ ಜಾಗದಲ್ಲಿ, ಒಂದು ಒಂಟಿ ಕಾಯಿ ಇಟ್ಟು, ಯಾರೂ ಹೊಡೆಯದಿದ್ದರೆ ಮುಂದಿನ ಸರದಿಯಲ್ಲಿ ಇನ್ನೊಂದು ಕಾಯಿ ತಂದು ಆ ಜಾಗ ನಿಮ್ಮದು ಮಾಡಿಕೊಳ್ಳಬಹುದು. ಇದಕ್ಕೆ ಡಿಪೊದವರು ಟವೆಲ್ ಹಾಕುವುದು ಎಂದು ಹೆಸರಿಟ್ಟಿದ್ದರು. ತುಂಬಿದ ಬಸ್ಸಿನ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವುದಿಲ್ಲವೇ, ಅದೇ. ಡಿಪೊದಲ್ಲಿ ಒಂದು ಕಟ್ಟಳೆಯೇ ಇತ್ತು: ಗಂಡಸಾದವನು ಟವೆಲ್ ಹಾಕುತ್ತಾನೆ, ಹೆದರಿದವನು ಜೋಡಿ ಒಡೆಯುತ್ತಾನೆ. ನಮ್ಮವರು ಡ್ಯೂಟಿಯಲ್ಲಿ ಫೋನಿನ ಮೇಲೆ ಸಾವಿರಾರು ಆಟ ಆಡಿದ್ದರು. ಒಂದರಲ್ಲೂ ಜೋಡಿ ಒಡೆದವರಲ್ಲ.

ಫೋನಿನ ಆ ಆಟಗಳನ್ನೆಲ್ಲ ಫರ್ಹಾನಾ ಯಂತ್ರಕ್ಕೆ ಉಣ್ಣಿಸಿದಳು. ಸಂಕೇತ ಮಸುಕಾದಾಗ ಯಂತ್ರವು ಈ ಮನುಷ್ಯ ಇಂಥ ಕಡೆ ಏನು ಮಾಡುತ್ತಿದ್ದ ಎಂದು ನೋಡಿ, ಆ ಕಡೆಗೆ ಒಂದು ಕೈ ಕೊಡುತ್ತಿತ್ತು. ಅದಕ್ಕೆ ಒತ್ತಾಸೆ ಎಂದು ಹೆಸರು.

"ಕೂಸು ನಡಿಯೂ ಮುಂದ ಬೆರಳ ಹಿಡಿತೀವಲ್ರಿ, ಹಂಗ," ಎಂದಳು. ನನಗೂ ಸರಿಯೆನಿಸಿತು. ಅವರ ಹಳೆಯ ವಿಡಿಯೊಗಳಿಂದ ದನಿಯನ್ನೂ ತೆಗೆದು ಯಂತ್ರಕ್ಕೆ ಹಾಕಿದಳು.

ಮೊದಲ ಆಟಕ್ಕೆ ಎದುರು ಕೂತವನು ಬಂದೇನವಾಜ್. ಹಾಸಿಗೆಯ ಅಡ್ಡಹಲಗೆಯ ಮೇಲೆ ಹಳೆಯ ಪೆಟ್ಟಿಗೆ ಬಿಚ್ಚಿಟ್ಟು ಅವನು ತನ್ನ ನಡೆ ಆಡಿದ. ನಮ್ಮವರ ಪರವಾಗಿ ನಾನು ದಾಳ ಹಾಕಿದೆ. ಎರಡು, ಒಂದು. ತಲೆದಿಂಬಿನ ಪಕ್ಕದ ಡಬ್ಬಿಯಿಂದ ನಮ್ಮವರ ದನಿ ಬಂತು. "ಟವೆಲ್ ಹಾಕ್ದೆ ನೋಡಲೇ ಬಂದ್ಯಾ!"

ಬಂದೇನವಾಜ್ ಮುಖ ಮುಚ್ಚಿಕೊಂಡು ಅತ್ತ. "ಮಗನ, ಸಾಯೂತನಾ ಇದನ್ನ ಮಾಡು ನೀ," ಎಂದು ಬೈದ, ಮತ್ತೆ ಅತ್ತ. ನಾನಂತೂ ಫರ್ಹಾನಾಳ ಕೆನ್ನೆ ಹಿಡಿದು ಮುತ್ತಿಟ್ಟೆ. ಆ ದಿನದ ಸಂತೋಷ ಸುಳ್ಳೆಂದು ನಾನು ಈಗಲೂ ಹೇಳುವುದಿಲ್ಲ.

ಆಮೇಲೆ ಮನೆಗೆ ಜೀವ ಬಂತು. ಸಂಜೆ ಶಾಲೆಯಿಂದ ಬಂದವಳೇ ಕೈಕಾಲು ತೊಳೆದು ಪೆಟ್ಟಿಗೆ ಬಿಚ್ಚುತ್ತಿದ್ದೆ. ಆಟದಿಂದ ಕಲಿತ ಯಂತ್ರ ಹೌದು, ಅಲ್ಲ ಎಂಬುದಕ್ಕೂ ಬಂತು; ಟವೆಲ್ಲಿನ ಕಡೆ ಹೌದು, ಜೋಡಿಯ ಕಡೆ ಅಲ್ಲ. "ಚಹಾ ಬೇಕೇನ್ರಿ?" ಎಂದರೆ "ಹೂಂ" ಎನ್ನುತ್ತಿತ್ತು. ಡಾಕ್ಟರು ಹೇಳಿದಂತೆ ಹತ್ತಿಯಲ್ಲಿ ಅದ್ದಿ ನಾಲಿಗೆಗೆ ಎರಡು ಹನಿ ಸವರುತ್ತಿದ್ದೆ. "ಆರಾಮ ಇದ್ದೀರಿಲ್ಲೋ?" ಎಂದರೂ "ಹೂಂ". ಮೂವತ್ತು ವರ್ಷ ಅವರು ನನಗೆ ಕೊಟ್ಟದ್ದು ಅದೇ ಉತ್ತರ, ಹಾಗಾಗಿ ನನಗೆ ಅನುಮಾನ ಬರಲಿಲ್ಲ.

ಬೇಸಗೆ ರಜೆ ಬಂತು. ನನ್ನ ಸ್ವಭಾವ ನಿಮಗೆ ಗೊತ್ತಿಲ್ಲ, ಸುಮ್ಮನೆ ಸೋಲುವವಳಲ್ಲ ನಾನು. ಕಂಪ್ಯೂಟರಿನಲ್ಲಿ ಈ ಆಟವನ್ನು ಅಳೆದು ತೂಗಿ ತೋರಿಸುವ ಒಂದು ಪ್ರೋಗ್ರಾಮು ಇತ್ತು, ಅದನ್ನು ಹಿಡಿದು ಕೂತೆ. ಡಿಪೊದ ಕಟ್ಟಳೆ ಬುಡದಿಂದಲೇ ತಪ್ಪೆಂದು ಗೊತ್ತಾಯಿತು. ಗಂಡಸುತನದ ಮಾತೇ ಇಲ್ಲ ಅಲ್ಲಿ. ಎದುರಾಳಿ ಏನು ಮಾಡಿದ್ದಾನೆಂದು ನೋಡಿ ಉತ್ತರ ಕೊಡಬೇಕು. ಅವನು ತನ್ನ ಜೋಡಿ ಒಡೆದು ನಿಮ್ಮ ಮನೆಯಲ್ಲಿ ಎರಡು ಕಡೆ ಕೂತಿದ್ದರೆ, ನಿಮ್ಮ ಟವೆಲ್ಲಿನ ಮೇಲೆ ಎರಡು ಕಡೆಯಿಂದ ಕಣ್ಣು. ಆಗ ಟವೆಲ್ ಹಾಕುವುದು ಹುಚ್ಚುತನ, ನಿಮ್ಮ ಜೋಡಿ ಒಡೆಯುವುದೇ ಮೇಲು. ಅವನು ಜೋಡಿಯನ್ನು ಒಡೆಯದೆ ಬಿಟ್ಟು, ಬೇರೆ ಕಾಯಿಗಳನ್ನು ತನ್ನ ಮನೆಯ ಹತ್ತಿರ ಗುಂಪು ಕಟ್ಟಿ ತಂದಿದ್ದರೆ, ನೀವು ಜೋಡಿ ಒಡೆದರೆ ಒಂಟಿಯಾದವನನ್ನು ಹಿಡಿದು ಬಡಿಯುತ್ತಾನೆ. ಆಗ ಬೇಕಾದರೆ ಟವೆಲ್ ಹಾಕಿ.

ಇದನ್ನೆಲ್ಲ ಹಾಸಿಗೆಯ ಪಕ್ಕ ಕೂತು ಕಾಯಿ ಇಟ್ಟು ಇಟ್ಟು ವಿವರಿಸಿದೆ. ಮಧ್ಯಾಹ್ನ ಮಧ್ಯಾಹ್ನ ಪಾಠ. "ನಾ ಜೋಡಿ ಒಡದೀನಿ, ಕಂಡ್ರಿಲ್ಲೋ? ಈಗ ನೀವೂ ಒಡೀಬೇಕು. ತಿಳೀತಾ?"

"ಹೂಂ."

"ಹಂಗಾದ್ರ ಆಡ್ರಿ."

"ಟವೆಲ್ ಹಾಕ್ದೆ ನೋಡು!"

ನಾನು ಹಣೆ ಚಚ್ಚಿಕೊಂಡು ಆ ಕಾಯಿಯನ್ನು ಹೊಡೆಯುತ್ತಿದ್ದೆ. "ಕೋಣನ ಮುಂದ ಕಿನ್ನರಿ ಬಾರಿಸಿದಂಗ ಆತು! ಸಾಲ್ಯಾಗ ನನ್ನ ಕಡೀ ಬೆಂಚಿನ ಹುಡುಗರೂ ಇಷ್ಟೊತ್ತಿಗೆ ಕಲೀತಿದ್ರು!" ಎಂದು ನಗುತ್ತ ಬೈಯುತ್ತಿದ್ದೆ. ಅವರ ಕಣ್ಣು ಬೋರ್ಡಿನ ಮೇಲೇ ಇರುತ್ತಿತ್ತು. ಆ ಬೇಸಗೆಯಲ್ಲಿ ಹಲವು ಸಲ ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಎವೆ ಮುಚ್ಚುವುದಿಲ್ಲವಲ್ಲ, ಕಣ್ಣು ಒಣಗಿ ಹಾಗಾಗುತ್ತದೆಂದು ನರ್ಸು ಹೇಳಿದ್ದಳು. ನಾನು ಒರೆಸಿ ಹನಿಯೌಷಧ ಹಾಕುತ್ತಿದ್ದೆ.

ಶಾಲೆ ತೆರೆದು ಕೆಲವು ವಾರಗಳಾದ ಮೇಲೆ ನನ್ನ ತಲೆಗೆ ಹುಳ ಹೊಕ್ಕಿತು. ಉಷ್ಣಮಾಪಕದ ಪ್ರಯೋಗ ಮಾಡಿಸುತ್ತಿದ್ದೆ. ಒಬ್ಬ ಹುಡುಗನ ಪಾದರಸ ಬಿಸಿನೀರಿನಲ್ಲೂ ಅಷ್ಟೇ, ತಣ್ಣೀರಿನಲ್ಲೂ ಅಷ್ಟೇ. "ಲೇ, ಒಡೆದದ್ದೋ ಏನೋ, ಬದಲಿಸು," ಎಂದೆ. ಎಂದವಳೇ ಅಲ್ಲೇ ನಿಂತುಬಿಟ್ಟೆ. ಎಷ್ಟೇ ಹಟಮಾರಿಯಾದರೂ ಮನುಷ್ಯ ಒಂದು ಸಲವಾದರೂ, ಬೇಸರಕ್ಕಾದರೂ, ಹೆಂಡತಿಯ ಬಾಯಿ ಮುಚ್ಚಿಸಲಿಕ್ಕಾದರೂ ಬೇರೆ ಆಡುತ್ತಾನೆ. ಇವರು ಒಮ್ಮೆಯೂ ಆಡಿಲ್ಲ. ಹಾಗಾದರೆ ನನ್ನೆದುರು ಇಷ್ಟು ದಿನ ಆಡುತ್ತಿರುವವರು ಯಾರು?

ಆಸ್ಪತ್ರೆಗೆ ಹೋದೆ. ಫರ್ಹಾನಾ ಖುಷಿಯಾಗಿಯೇ ಇದ್ದಳು. "ಹೋಲಿಕೆ ನೂರಕ್ಕ ತೊಂಬತ್ತೆಂಟು ಬಂದದ್ರಿ ಟೀಚರ್! ಕಾಯಿಲೆ ಮುಂಚಿನ ಗುರುಲಿಂಗಪ್ಪ ಕಾಕಾ, ಈಗಿನ ಕಾಕಾ, ಎರಡೂ ಒಂದ. ದೇಶದಾಗ ಯಾರಿಗೂ ಇಷ್ಟು ಬಂದಿಲ್ಲ."

"ಅದ ನನ್ನ ಸಂಕಟ," ಎಂದೆ. "ನಿನ್ನ ಒತ್ತಾಸೆ ಬಿಟ್ಟು, ಅವರೊಬ್ಬರ ಏನಂತಾರ ಅನ್ನೂದನ್ನ ನನಗ ತೋರಿಸು."

ಅವಳು ಹಿಂದೆಮುಂದೆ ನೋಡಿದಳು. ಆದರೂ ಮುಂದಿನ ತಪಾಸಣೆಗೆ ನಮ್ಮವರನ್ನು ಕರೆತಂದಾಗ ಒಪ್ಪಿದಳು. ಗಾಜಿನ ಆಚೆ ಹಾಸಿಗೆಯ ಪಕ್ಕ ಬಂದೇನವಾಜ್ ಬೋರ್ಡು ಹಾಕಿಕೊಂಡು ಕೂತ. ಈಚೆ ನಿಯಂತ್ರಣ ಕೋಣೆಯಲ್ಲಿ ಪರದೆಯ ಮೇಲೆ ಎರಡು ಗೆರೆ. ಮೇಲಿನದು ಯಂತ್ರದ ತೀರ್ಮಾನ. ಕೆಳಗಿನದು ಸೋಸದೆ ಬಂದ, ಬರೀ ನಮ್ಮವರದು. ಗೆರೆ ಎಡಕ್ಕೆ ವಾಲಿದರೆ ಟವೆಲ್, ಬಲಕ್ಕೆ ವಾಲಿದರೆ ಜೋಡಿ ಒಡೆಯುವುದು.

ನಾನು ಹೇಳಿಕೊಟ್ಟಿದ್ದ ಹಾಗೆ ಬಂದೇನವಾಜ್ ತನ್ನ ಜೋಡಿ ಒಡೆದ. ನಮ್ಮವರಿಗೆ ನಾಲ್ಕು, ಒಂದು ಬಿತ್ತು. ಕೆಳಗಿನ ಗೆರೆ ನಡುಗಿತು. ನಡುಗಿ ಬಲಕ್ಕೆ ಸರಿಯಿತು. ಸಣ್ಣಗೆ, ಆದರೆ ಬಲಕ್ಕೇ. ಮೇಲಿನ ಗೆರೆ ಅದೇ ಗಳಿಗೆಯಲ್ಲಿ ಎಡಕ್ಕೆ ಹಾರಿತು. ಗಾಜಿನ ಆಚೆಯಿಂದ ನಮ್ಮವರ ದನಿ: "ಟವೆಲ್ ಹಾಕ್ದೆ ನೋಡಲೇ!" ಕೆಳಗಿನ ಗೆರೆ ಇನ್ನೊಮ್ಮೆ ಬಲಕ್ಕೆ ಎದ್ದಿತು, ಆಮೇಲೆ ಮಲಗಿಬಿಟ್ಟಿತು.

ಬಂದೇನವಾಜ್ ಮತ್ತೆ ಮತ್ತೆ ಆಡಿದ. ಮತ್ತೆ ಮತ್ತೆ ಅದೇ. ಮೈಕಿನಲ್ಲಿ ಅವನಿಗೆ ಹೇಳಿದೆ, "ಚಹಾ ಬೇಕೇನು ಕೇಳ್ರಿ ಅವರನ್ನ."

"ಚಹಾ ಕುಡೀತಿ ಏನಲೇ?"

ಕೆಳಗಿನ ಗೆರೆ ಬಲಕ್ಕೆ ವಾಲಿ ಬೇಡವೆಂದಿತು. ಡಬ್ಬಿ "ಹೂಂ" ಎಂದಿತು.

ಫರ್ಹಾನಾಳ ಮುಖದ ಬಣ್ಣ ಇಳಿದಿತ್ತು. "ಬ್ಯಾಸಿಗ್ಯಾಗ ಈ ಬಲದ ಗೆರಿ ಭಾಳ ಎತ್ತರ ಏಳ್ತಿತ್ತು ಟೀಚರ್," ಎಂದಳು. "ಯಂತ್ರ ಆಡಿದ ಮ್ಯಾಲೂ ಏಳ್ತಿತ್ತು, ಬಿಟ್ಟೂಬಿಡದ. ಕಾಕಾ ಜೋಡಿ ಒಡಿಯಂಗಿಲ್ಲ ಅಂತ ಎಲ್ಲಾರೂ ಹೇಳಿದ್ರಲ್ರಿ. ಅದಕ್ಕ ನಾನು ಅದು ಬರೇ ಸಂಕೇತದಾಗಿನ ಗದ್ದಲ ಅಂತ ತಿಳಕೊಂಡು, ಸೋಸಿ ಒಗಿ ಅಂತ ಯಂತ್ರಕ್ಕ ಕಲಿಸಿದೆ."

ಅವರು ಕಲಿತಿದ್ದರು. ನಾನು ಹೇಳಿಕೊಟ್ಟದ್ದನ್ನು ಆ ಬೇಸಗೆಯಲ್ಲೇ ಕಲಿತಿದ್ದರು. ಡಿಪೊದ ಕಟ್ಟಳೆ ಮುರಿದು, ಈ ವಯಸ್ಸಿನಲ್ಲಿ, ಆ ಸ್ಥಿತಿಯಲ್ಲಿ ಹೊಸದೊಂದನ್ನು ಕಲಿತು, ಕಲಿತೆ ಕಲಿತೆ ಎಂದು ಇದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿದ್ದರು. ಪ್ರತಿ ಸಲವೂ ಅವರದೇ ದನಿ ಅವರ ಕಿವಿಯಲ್ಲಿ ಬೇರೆ ಹೇಳಿತ್ತು. ಪ್ರತಿ ಸಲವೂ ನಾನು ಅವರನ್ನು ಕೋಣ ಎಂದಿದ್ದೆ.

"ಈಗಿಂದೀಗ ತೆಗಿ ಅದನ್ನ," ಎಂದು ಕಿರುಚಿದೆ.

"ನನ್ನ ಕೈಯಾಗಿಲ್ರಿ ಟೀಚರ್. ಪ್ರಯೋಗ ಸಮಿತಿ ಒಪ್ಪಬೇಕು."

ಸಮಿತಿಯಂತೆ ಸಮಿತಿ! ಒತ್ತಾಸೆ ತೆಗೆದರೆ ರೋಗಿಯ ಹೋಲಿಕೆ ಕುಸಿಯುತ್ತದೆ, ರೋಗಿ ಹಿಂದೆ ಬೀಳುತ್ತಾನೆ ಎಂದರು. ಯಾರ ಹಿಂದೆ ಬೀಳುತ್ತಾನೆ, ತನ್ನ ಹಿಂದೆ ತಾನೇ ಬೀಳುತ್ತಾನೆಯೇ ಎಂದು ಕೇಳಿದೆ. ಅಧ್ಯಕ್ಷರು ನಕ್ಕು, ತಾವು ಭಾವುಕರಾಗಿದ್ದೀರಿ ಎಂದರು. ಫರ್ಹಾನಾ ನನ್ನ ಪರವಾಗಿ ನಿಂತು ಜಗಳವಾಡಿದಳು, ಆ ಹುಡುಗಿಯ ಮೇಲೆ ನನಗೆ ಈಗ ಸಿಟ್ಟಿಲ್ಲ. ಡಬ್ಬಿಯ ತಂತಿ ಕಿತ್ತು ಒಗೆಯೋಣವೆಂದರೆ ತಲೆಯೊಳಗಿನ ಹಾಳೆಯ ಉಸಿರೂ ಅದರ ಜೊತೆಗೇ ಹೋಗುತ್ತದೆಂದು ಹೆದರಿಸಿದರು. ಒಪ್ಪಿಗೆ ಬರುವಷ್ಟರಲ್ಲಿ ದಸರೆ ಕಳೆದು ದೀಪಾವಳಿಯೂ ಕಳೆಯಿತು. ಆವರೆಗೆ ನಾನು ಆಡಲಿಲ್ಲ, ಅವರನ್ನು ಏನೂ ಕೇಳಲಿಲ್ಲ. ಆದರೆ ನರ್ಸು ಕೇಳುತ್ತಿದ್ದಳು, ಬಂದವರು ಹೋದವರು ಕೇಳುತ್ತಿದ್ದರು, ಆರಾಮಾ ಎಂದು. ಡಬ್ಬಿ ಎಲ್ಲರಿಗೂ "ಹೂಂ" ಎನ್ನುತ್ತಿತ್ತು.

ನಾನು ಕಿವಿಯಲ್ಲಿ ಮಾತ್ರ ಹೇಳುತ್ತಿದ್ದೆ, "ನನಗ ಗೊತ್ತಾಗೇದರಿ. ಸ್ವಲ್ಪ ತಡೀರಿ. ಸ್ವಲ್ಪ."

ಕೊನೆಗೊಂದು ಭಾನುವಾರ ಮಧ್ಯಾಹ್ನ ಫರ್ಹಾನಾ ಮನೆಗೆ ಬಂದು ಒತ್ತಾಸೆಯನ್ನೂ ಆ ದನಿಯನ್ನೂ ತೆಗೆದಳು. ಈಗ ಉಳಿದದ್ದು ಎರಡು ಸಣ್ಣ ದೀಪ. ಎಡದ್ದು ಟವೆಲ್ಲಿಗೆ, ಬಲದ್ದು ಜೋಡಿಗೆ. ಅವರು ಬಯಸಿದ್ದು ಹೊತ್ತುತ್ತದೆ, ಬಯಸದಿದ್ದರೆ ಯಾವುದೂ ಹೊತ್ತುವುದಿಲ್ಲ. ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಅವರ ತಲೆ ಬಾಚಿ, ಮುಖ ಒರೆಸಿ ಎದುರು ಕೂತೆ.

"ನೋಡ್ರಿ, ಈಗ ನಡುವ ಯಾರೂ ಇಲ್ಲ," ಎಂದೆ. "ನೀವು ಬ್ಯಾಸಿಗ್ಯಾಗ ಆಡಿದ್ದು ನನಗ ಗೊತ್ತಾಗೇದ. ನೀವ ಖರೇ ಇದ್ರಿ. ತಪ್ಪು ನಂದು. ಈಗ ಆಡ್ರಿ, ನಾ ಕೇಳ್ತೀನಿ."

ನನ್ನ ಮೊದಲ ನಡೆಯಲ್ಲಿ ಜೋಡಿ ಒಡೆದೆ. ಅವರಿಗಾಗಿ ದಾಳ ಹಾಕಿದೆ. ಎರಡು, ಒಂದು. ಎರಡು ಬಿದ್ದದ್ದಕ್ಕೆ ದೂರದ ರಾಶಿಯಿಂದ ಒಂದು ಕಾಯಿ ಇಳಿಸಿದೆ, ಅದರಲ್ಲಿ ಚರ್ಚೆಯಿಲ್ಲ. ಒಂದು ಉಳಿಯಿತು. ಜೋಡಿ ಒಡೆಯುವುದೇ ಸರಿಯಾದ ಉತ್ತರ, ಅದು ಅವರಿಗೂ ಗೊತ್ತು ನನಗೂ ಗೊತ್ತು. ಎರಡೂ ದೀಪ ಕತ್ತಲು. ಕಾದೆ. ಫರ್ಹಾನಾ ಬಾಗಿಲಲ್ಲಿ ದುಪಟ್ಟಾದ ತುದಿ ಕಚ್ಚಿಕೊಂಡು ನಿಂತಿದ್ದಳು. ನಾನು ಬಲದ ದೀಪದ ಮೇಲೆ ಕಣ್ಣಿಟ್ಟು, ಹೊತ್ತಪ್ಪಾ ಹೊತ್ತು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಎಡದ ದೀಪ ಹೊತ್ತಿತು.

"ಅದಲ್ರಿ," ಎಂದೆ. "ಯಂತ್ರ ತೆಗೆದೇವಿ. ನಿಮಗ ಬೇಕಾದ್ದು ಆಡ್ರಿ."

ದೀಪ ಆರಿತು. ಮತ್ತೆ ಹೊತ್ತಿತು. ಎಡದ್ದೇ. ಈ ಸಲ ಬೇಗ ಹೊತ್ತಿತು, ತರಗತಿಯಲ್ಲಿ ಬೈಸಿಕೊಂಡ ಮಗು ಥಟ್ಟನೆ ಉತ್ತರ ಹೇಳುವ ಹಾಗೆ.

"ಈ ದೀಪ ಯಾರದು ಫರ್ಹಾನಾ? ಮತ್ತ ನಿನ್ನ ಯಂತ್ರನ?"

"ಇಲ್ರಿ ಟೀಚರ್," ಅವಳು ಅಳುತ್ತಿದ್ದಳು. "ಇದು ಕಾಕಾನ. ಕಾಕಾ ಒಬ್ಬರ."

"ಮತ್ಯಾಕ?"

"ಬಲಕ್ಕ ಎಷ್ಟು ಹೇಳಿದ್ರೂ ಯಾರೂ ಕೇಳಲಿಲ್ಲಲ್ರಿ. ಎಡಕ್ಕ ಅಂದ್ರಷ್ಟ ಕಾಯಿ ಸರೀತು, ನೀವು ನಕ್ರಿ, ಮಾತಾಡಿದ್ರಿ. ನಾವ ಕಲಿಸಿದ್ವಿ ಅವರಿಗೆ."

"ಆರಾಮ ಇದ್ದೀರೇನ್ರಿ?" ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು. ಆ ಪ್ರಶ್ನೆಗೆ ಹೌದು ಎಂಬುದೂ ಎಡದ ದೀಪವೇ. ಅದು ಕೂಡಲೇ ಹೊತ್ತಿತು. "ತ್ರಾಸ ಆಗೇದೇನ್ರಿ?" ಎಂದೆ. ಅದಕ್ಕೂ ಹೊತ್ತಿತು.

ನನ್ನ ಕೈ ತಾನಾಗಿಯೇ ಬೋರ್ಡಿನ ಆ ತುದಿಗೆ ಹೋಯಿತು. ಅವರ ಜೋಡಿಯ ಮೇಲೆ ಬೆರಳಿಟ್ಟೆ. ಒಂದು ಕಾಯಿಯನ್ನು ಒಂದು ಹೆಜ್ಜೆ ಮುಂದೆ ಸರಿಸಿದರೆ ಸಾಕಿತ್ತು. ಬೇಸಗೆಯ ಅವರ ಆಸೆಯೂ ಅದೇ, ಆಟದ ನ್ಯಾಯವೂ ಅದೇ. ಸರಿಸಲು ಹೊರಟವಳು ಹಾಗೇ ನಿಂತೆ. ಅವರು ಒಂದು ಹೇಳಿದಾಗ, ಅವರಿಗೆ ಬೇಕಾದದ್ದು ಬೇರೆ ಎಂದು ತಿಳಿದುಕೊಂಡು ಇನ್ನೊಂದು ಆಡುವುದು. ಇಷ್ಟು ದಿನ ಆ ಡಬ್ಬಿ ಮಾಡಿದ್ದೂ ಅದನ್ನೇ. ಬೆರಳು ತೆಗೆದೆ.

ಅವರು ಹೇಳಿದಂತೆ ಐದನೆಯ ಜಾಗದಲ್ಲಿ ಅವರ ಒಂಟಿ ಕಾಯಿ ಇಟ್ಟೆ. ನನ್ನ ದಾಳ ಹಾಕಿದೆ. ನಾಲ್ಕು ಬಿತ್ತು. ನಾಲ್ಕು ಬಿದ್ದರೆ ಆ ಕಾಯಿ ಸಾಯುತ್ತದೆ.

ಬಿಟ್ಟುಕೊಡಬಹುದಿತ್ತು. ಬಿಟ್ಟುಕೊಟ್ಟರೆ ಅವರು ನನ್ನೆದುರು ಆಡುವ ಮನುಷ್ಯನಾಗಿ ಉಳಿಯುವುದಿಲ್ಲ, ನಾನು ಆಡಿಸುವ ಕೂಸಾಗುತ್ತಾರೆ. "ಹೊಡೀತೀನ್ರಿ," ಎಂದೆ. "ತಪ್ಪು ಆಡಿದ್ರಿ, ಹೊಡೀತೀನಿ. ಸಿಟ್ಟಾಗ್ರಿ ನನ್ನ ಮ್ಯಾಲೆ. ಮುಂದಿನ ಸರ್ತೆ ನನ್ನ ಹೊಡೀರಿ."

ಅವರ ಕಾಯಿಯನ್ನು ಎತ್ತಿ ಬೋರ್ಡಿನ ನಡುಪಟ್ಟಿಯ ಮೇಲೆ ಇಟ್ಟೆ. ಅವರಿಗಾಗಿ ದಾಳ ಹಾಕಿ, ಅಳು ತಡೆಯದೆ ಅಳುತ್ತ, ಅವರ ಸರದಿಗಾಗಿ ಕಾಯುತ್ತ ಕೂತೆ.